೧೯೪೧ರ ಡಿಸೆಂಬರ್: ಒಂದು ತಿಂಗಳ ಲೋಕವಾರ್ತೆ

ಒಂದು ಮಹಾಯುದ್ಧದ ಕಥೆಯನ್ನು ಹದಿನೈದು ನಿಮಿಷಗಳಲ್ಲಿ ಹೇಳಿ ಮುಗಿಸುತ್ತೇನೆಂದು ಹೊರಡುವವನು ಸಮುದ್ರವನ್ನು ಬಿಂದಿಗೆಯಲ್ಲಿ ತುಂಬಹೊರಟವನಂತೆ. ನನಗೆ ಆ ಸಾಹಸ ಬೇಡ. ೧೯೩೯ರಿಂದ ೧೯೪೫ರವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಒಂದೇ ಒಂದು ತಿಂಗಳನ್ನು ಆರಿಸಿಕೊಂಡು, ಆ ಮೂವತ್ತೊಂದು ದಿನಗಳಲ್ಲಿ ಭೂಮಂಡಲದ ಮೇಲೆ ನಡೆದ ಮುಖ್ಯ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಆ ತಿಂಗಳು ೧೯೪೧ರ ಡಿಸೆಂಬರ್.

ನಾನು ಇತಿಹಾಸದ ಅಧ್ಯಾಪಕನಲ್ಲ. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವ ಪಂಡಿತ. ಯುದ್ಧವೆಂದೊಡನೆ ನನಗೆ ನೆನಪಾಗುವುದು ಕುರುಕ್ಷೇತ್ರ. ವ್ಯಾಸಭಾರತದ ಭೀಷ್ಮಪರ್ವದಲ್ಲಿ ಒಂದು ವಿಶೇಷವನ್ನು ನೀವು ಗಮನಿಸಿರಬಹುದು. ಸಂಜಯನು ರಣರಂಗದಿಂದ ಧೃತರಾಷ್ಟ್ರನ ಬಳಿಗೆ ಬಂದು ಮೊದಲು ತಿಳಿಸುವುದು ಭೀಷ್ಮನು ಬಿದ್ದನೆಂಬ ಸುದ್ದಿಯನ್ನು. ಹತ್ತು ದಿನಗಳ ಕಾಳಗದ ಕಥೆ ಆಮೇಲೆ ಬರುತ್ತದೆ. ಕೊನೆ ಏನೆಂಬುದನ್ನು ತಿಳಿದುಕೊಂಡೇ ಆ ಕುರುಡು ದೊರೆ ಮೊದಲಿನಿಂದ ಕೇಳುತ್ತಾನೆ. ನಮ್ಮ ಸ್ಥಿತಿಯೂ ಅದೇ. ಹಿಟ್ಲರ್ ಸತ್ತನೆಂದೂ ಜಪಾನು ಶರಣಾಯಿತೆಂದೂ ನಮಗೆ ಗೊತ್ತು. ಆ ಡಿಸೆಂಬರಿನಲ್ಲಿ ಬದುಕಿದ್ದವರಿಗೆ ಅದು ಗೊತ್ತಿರಲಿಲ್ಲ. ಪತ್ರಿಕೆಯ ತಲೆಬರಹ ಎಷ್ಟು ದಪ್ಪವಾಗಿದೆಯೋ ಸಂಗತಿಯೂ ಅಷ್ಟೇ ದೊಡ್ಡದೆಂದು ಅವರು ತಿಳಿಯಬೇಕಾಗಿತ್ತು. ಈಗ ಹಿಂದಿರುಗಿ ನೋಡಿದರೆ, ಆ ತಿಂಗಳಿನ ದೊಡ್ಡ ಸದ್ದು ಒಂದು ಕಡೆ ಇತ್ತು, ದೊಡ್ಡ ಭಾರ ಇನ್ನೊಂದು ಕಡೆ ಇತ್ತು. ಭಾರತೀಯರಾದ ನಮಗೆ ಅದು ಕಲಿಸಿದ ಪಾಠವಂತೂ ಈ ಎರಡೂ ಕಡೆ ಇರಲಿಲ್ಲ. ಅದು ಪೆನಾಂಗಿನಲ್ಲಿ, ರಂಗೂನಿನಲ್ಲಿ ಇತ್ತು.

ಡಿಸೆಂಬರ್ ಒಂದನೆಯ ತಾರೀಖು ಸೋಮವಾರ. ಅಂದು ಲೋಕದಲ್ಲಿ ನಡೆಯುತ್ತಿದ್ದದ್ದು ಒಂದು ಯುದ್ಧವಲ್ಲ, ಎರಡು. ೧೯೩೭ರ ಜುಲೈಯಿಂದ ಜಪಾನು ಚೀನದ ಮೇಲೆ ಬಿದ್ದು ಅದನ್ನು ಹರಿದು ತಿನ್ನುತ್ತಿತ್ತು; ೧೯೩೯ರ ಸೆಪ್ಟೆಂಬರಿನಿಂದ ಜರ್ಮನಿ ಯೂರೋಪನ್ನು ತುಳಿಯುತ್ತಿತ್ತು. ಎರಡು ಬೆಂಕಿಗಳಿಗೂ ನಡುವೆ ಇನ್ನೂ ಬಯಲು ಇತ್ತು. ಅಮೆರಿಕ ಎರಡರಲ್ಲಿಯೂ ಇಳಿದಿರಲಿಲ್ಲ. ರಷ್ಯಕ್ಕೂ ಜಪಾನಿಗೂ ಪರಸ್ಪರ ತಟಸ್ಥವಾಗಿರುವ ಒಪ್ಪಂದ ಆ ವರ್ಷದ ಏಪ್ರಿಲಿನಲ್ಲಿಯೇ ಆಗಿತ್ತು.

ಆ ಸೋಮವಾರ ಟೋಕಿಯೋದಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ಸಭೆ ಸೇರಿ ಯುದ್ಧವೆಂದು ನಿಶ್ಚಯಿಸಿತು. ನಿಶ್ಚಯಕ್ಕಿಂತ ಮೊದಲೇ ಬಾಣ ಬಿಲ್ಲನ್ನು ಬಿಟ್ಟಾಗಿತ್ತು. ಆರು ವಿಮಾನವಾಹಕ ಹಡಗುಗಳ ನೌಕಾಪಡೆಯೊಂದು ನವೆಂಬರ್ ೨೬ರಂದೇ ಕುರಿಲ್ ದ್ವೀಪಗಳಿಂದ ಹೊರಟು, ನಿಸ್ತಂತು ಮಾತನ್ನು ಪೂರಾ ನಿಲ್ಲಿಸಿ, ಉತ್ತರ ಪೆಸಿಫಿಕ್ ಸಾಗರದ ಮಂಜಿನೊಳಗೆ ಮರೆಯಾಗಿತ್ತು. ಕಾರಣ ಎಣ್ಣೆ. ಜುಲೈಯಲ್ಲಿ ಜಪಾನು ದಕ್ಷಿಣ ಇಂಡೋಚೀನಕ್ಕೆ ಸೈನ್ಯ ಕಳಿಸಿದ್ದಕ್ಕೆ ಅಮೆರಿಕ ಎಣ್ಣೆಯ ಮಾರಾಟವನ್ನು ನಿಲ್ಲಿಸಿಬಿಟ್ಟಿತು. ಜಪಾನು ಉರಿಸುತ್ತಿದ್ದ ಎಣ್ಣೆಯಲ್ಲಿ ಬಹುಪಾಲು ಅಮೆರಿಕದಿಂದ ಕೊಂಡದ್ದೇ. ಒಂದೋ ಚೀನವನ್ನು ಬಿಡಬೇಕು, ಇಲ್ಲವೇ ಡಚ್ಚರ ವಶದಲ್ಲಿದ್ದ ಸುಮಾತ್ರ ಬೋರ್ನಿಯೋಗಳ ಎಣ್ಣೆಬಾವಿಗಳನ್ನು ಕಿತ್ತುಕೊಳ್ಳಬೇಕು. ಅದು ಎರಡನೆಯದನ್ನು ಆರಿಸಿಕೊಂಡಿತು.

ಇಷ್ಟು ಹೊತ್ತಿಗೆ ಜರ್ಮನರು ಮಾಸ್ಕೋ ನಗರದ ಹೊಸ್ತಿಲಿಗೆ ಬಂದಿದ್ದರು. ಅವರ ಮುಂಚೂಣಿಯ ಕೆಲವು ತುಕಡಿಗಳಿಗೂ ಕ್ರೆಮ್ಲಿನ್ ಕೋಟೆಗೂ ನಡುವೆ ಉಳಿದಿದ್ದದ್ದು ಸುಮಾರು ಮೂವತ್ತು ಕಿಲೋಮೀಟರು. ಯುದ್ಧವನ್ನು ಗೆದ್ದಾಯಿತೆಂದು ಬರ್ಲಿನ್ನಿನವರು ಅಕ್ಟೋಬರಿನಲ್ಲಿಯೇ ಪತ್ರಿಕೆಯವರನ್ನು ಕರೆಸಿ ಸಾರಿದ್ದರು. ಡಿಸೆಂಬರ್ ೫ರಂದು ಮಾಸ್ಕೋದ ವಾಯವ್ಯದಲ್ಲಿ, ಮರುದಿನ ಜನರಲ್ ಜುಕೋವನ ಮುಖ್ಯ ರಂಗದಲ್ಲಿ, ರಷ್ಯನ್ನರು ತಿರುಗಿಬಿದ್ದರು. ಅವರಲ್ಲಿ ಸೈಬೀರಿಯದಿಂದಲೂ ದೂರಪ್ರಾಚ್ಯದಿಂದಲೂ ರೈಲಿನಲ್ಲಿ ತಂದ ದಳಗಳಿದ್ದವು. ಜಪಾನು ದಕ್ಷಿಣಕ್ಕೆ ಹೋಗುತ್ತದೆಯೇ ಹೊರತು ಈ ವರ್ಷ ರಷ್ಯದ ಬೆನ್ನಿಗೆ ಇರಿಯುವುದಿಲ್ಲವೆಂಬ ಗುಟ್ಟನ್ನು ಟೋಕಿಯೋದಿಂದ ಕಳಿಸಿದ್ದ ಗೂಢಚಾರ ರಿಚರ್ಡ್ ಸೋರ್ಗೆ ಆ ವೇಳೆಗೆ ಜಪಾನೀಯರ ಸೆರೆಯಲ್ಲಿದ್ದ. ೧೯೪೪ರಲ್ಲಿ ಅವನನ್ನು ಗಲ್ಲಿಗೇರಿಸಿದರು.

ಜರ್ಮನರನ್ನು ಹಿಮ ಸೋಲಿಸಿತೆಂದು ಹೇಳುವ ವಾಡಿಕೆಯುಂಟು. ಚಳಿ ಸೊನ್ನೆಗಿಂತ ಇಪ್ಪತ್ತೈದು ಮೂವತ್ತು ಡಿಗ್ರಿ ಕೆಳಗೆ ಇಳಿದಿದ್ದದ್ದು ನಿಜ. ಎಂಜಿನ್ನುಗಳಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದೂ ನಿಜ. ಆದರೆ ಹಿಮ ಇಬ್ಬರ ಮೇಲೂ ಬಿದ್ದಿತಷ್ಟೆ. ಒಬ್ಬರು ದಪ್ಪ ಕೋಟು, ತುಪ್ಪಳದ ಟೋಪಿ, ಉಣ್ಣೆಯ ಬೂಟು ಹಾಕಿಕೊಂಡು ಬಂದಿದ್ದರು. ಇನ್ನೊಬ್ಬರು ಚಳಿಗಾಲಕ್ಕೆ ಮೊದಲೇ ಎಲ್ಲ ಮುಗಿದೀತೆಂದು ಬೇಸಗೆಯ ಬಟ್ಟೆಯಲ್ಲಿ ಬಂದಿದ್ದರು. ಡಿಸೆಂಬರ್ ೨೦ರಂದು ಜರ್ಮನ್ ಬಾನುಲಿಯಲ್ಲಿ ಪ್ರಚಾರ ಮಂತ್ರಿ ಗೊಬೆಲ್ಸ್ ಒಂದು ಮನವಿ ಮಾಡಿದ: ರಣರಂಗದಲ್ಲಿರುವ ಸೈನಿಕರಿಗಾಗಿ ಜನರು ತಮ್ಮ ಮನೆಯ ತುಪ್ಪಳ, ಕೈಗವಸು, ಉಣ್ಣೆಬಟ್ಟೆಗಳನ್ನು ಕೊಡಬೇಕು. ಗೆದ್ದಾಯಿತೆಂದು ಸಾರಿದ ಎರಡೇ ತಿಂಗಳಿಗೆ ಈ ಬಟ್ಟೆಯ ಭಿಕ್ಷೆ. ಕೇಳಿದ ಜರ್ಮನರಲ್ಲಿ ಬುದ್ಧಿಯುಳ್ಳವರಿಗೆ ರಣರಂಗದ ಸ್ಥಿತಿ ಅಷ್ಟರಲ್ಲಿಯೇ ತಿಳಿದಿರಬೇಕು. ಅದರ ಹಿಂದಿನ ದಿನವೇ ಹಿಟ್ಲರ್ ತನ್ನ ಸೇನಾಧಿಪತಿಯನ್ನು ಮನೆಗೆ ಕಳಿಸಿ ಆ ಪದವಿಯನ್ನು ತಾನೇ ವಹಿಸಿಕೊಂಡಿದ್ದ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ಮಾಸ್ಕೋದಿಂದ ಸುಮಾರು ಇನ್ನೂರು ಕಿಲೋಮೀಟರು ದಕ್ಷಿಣಕ್ಕೆ, ತುಲಾ ನಗರದ ಹತ್ತಿರ, ಯಾಸ್ನಯ ಪೊಲ್ಯಾನ ಎಂಬ ಹಳ್ಳಿಯಿದೆ. ಟಾಲ್‌ಸ್ಟಾಯ್ ಹುಟ್ಟಿದ್ದು ಅಲ್ಲಿ, ಬರೆದದ್ದು ಅಲ್ಲಿ, ೧೯೧೦ರಲ್ಲಿ ಮಣ್ಣಾದದ್ದೂ ಅಲ್ಲಿಯೇ, ಮರಗಳ ನಡುವೆ, ಶಿಲೆಯಿಲ್ಲದ ಒಂದು ಹುಲ್ಲುದಿಣ್ಣೆಯ ಕೆಳಗೆ. ನಮ್ಮ ಗಾಂಧಿಯವರು ೧೯೦೯ರಲ್ಲಿ ಪತ್ರ ಬರೆದದ್ದು ಈ ಮನೆಯ ಯಜಮಾನನಿಗೆ. ಜೊಹಾನ್ಸ್‌ಬರ್ಗಿನ ಬಳಿ ಸತ್ಯಾಗ್ರಹಿಗಳಿಗಾಗಿ ತೆರೆದ ಆಶ್ರಮಕ್ಕೆ ಇಟ್ಟದ್ದೂ ಆತನ ಹೆಸರನ್ನೇ. ೧೯೪೧ರ ಅಕ್ಟೋಬರ್ ಕೊನೆಯಲ್ಲಿ ಜರ್ಮನರು ಈ ಹಳ್ಳಿಗೆ ಬಂದರು. ಕೈಬರಹಗಳನ್ನೂ ಬೆಲೆಬಾಳುವ ವಸ್ತುಗಳನ್ನೂ ಮೊದಲೇ ಸೈಬೀರಿಯದ ತೋಮ್ಸ್ಕ್ ನಗರಕ್ಕೆ ಸಾಗಿಸಿದ್ದರಿಂದ ಅವು ಬದುಕಿದವು. ಸುಮಾರು ಒಂದೂವರೆ ತಿಂಗಳು ಸೈನಿಕರು ಆ ಮನೆಯಲ್ಲಿ ಬೀಡುಬಿಟ್ಟಿದ್ದರು. ತಮ್ಮಲ್ಲಿ ಸತ್ತವರನ್ನು ತಂದು ಆ ಹುಲ್ಲುದಿಣ್ಣೆಯ ಸುತ್ತಲೇ ಹೂಳಿದರು. ಡಿಸೆಂಬರ್ ನಡುವಿನಲ್ಲಿ ಹಿಮ್ಮೆಟ್ಟುವಾಗ ಮನೆಗೆ ಬೆಂಕಿಯಿಟ್ಟು ಹೋದರು. ಆ ವಸ್ತುಸಂಗ್ರಹಾಲಯದ ನೌಕರರು ಓಡಿಬಂದು ಬೆಂಕಿಯನ್ನು ಆರಿಸಿದರು, ಮನೆ ಉಳಿಯಿತು.

ನೆಪೋಲಿಯನ್ನನು ೧೮೧೨ರಲ್ಲಿ ಮಾಸ್ಕೋದಿಂದ ಹಿಂದಿರುಗಿದ ಕಥೆಯನ್ನು ‘ಯುದ್ಧ ಮತ್ತು ಶಾಂತಿ’ಯಲ್ಲಿ ಬರೆದವನ ಮನೆ ಅದು. ಅದೇ ದಾರಿಯಲ್ಲಿ ಇನ್ನೊಂದು ಸೇನೆ ಹಿಂದಿರುಗಿದ್ದನ್ನು ಆ ಮನೆ ಕಂಡಿತು. ಜನವರಿ ಮುಗಿಯುವ ಹೊತ್ತಿಗೆ ಜರ್ಮನರು ಮಾಸ್ಕೋದಿಂದ ನೂರಾರು ಕಿಲೋಮೀಟರು ಹಿಂದೆ ಸರಿದಿದ್ದರು. ಭೂಮಿಯ ಮೇಲೆ ಹಿಟ್ಲರನ ಸೇನೆಗೆ ಆದ ಮೊದಲ ದೊಡ್ಡ ಸೋಲು ಇದು. ಆ ತಿಂಗಳಿನ ಭಾರವೆಂದೆನಲ್ಲ, ಅದು ಇಲ್ಲಿತ್ತು.

ಸದ್ದು ಎಲ್ಲಿತ್ತೆಂಬುದು ನಿಮಗೆಲ್ಲ ಗೊತ್ತು. ಡಿಸೆಂಬರ್ ೭, ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಹವಾಯಿ ದ್ವೀಪದ ಪರ್ಲ್ ಬಂದರು. ಸುಮಾರು ೩೫೦ ವಿಮಾನಗಳು ಎರಡು ಅಲೆಗಳಲ್ಲಿ ಬಂದು ಎರಗಿದವು. ಎಂಟು ಮಹಾಯುದ್ಧನೌಕೆಗಳಿಗೆ ಪೆಟ್ಟು ಬಿತ್ತು, ನಾಲ್ಕು ಮುಳುಗಿದವು. ಅಮೆರಿಕನ್ನರು ೨,೪೦೩ ಮಂದಿ ಸತ್ತರು. ಇದರ ಚಿತ್ರಗಳನ್ನು ಲೋಕವೆಲ್ಲ ಮತ್ತೆ ಮತ್ತೆ ನೋಡಿದೆ, ನಾನು ಹೆಚ್ಚು ಬಣ್ಣಿಸಬೇಕಾಗಿಲ್ಲ. ಒಂದು ಮಾತು ಮಾತ್ರ. ಬಂದರಿನ ಎಣ್ಣೆಯ ತೊಟ್ಟಿಗಳಿಗೂ ದುರಸ್ತಿಯ ಕಾರ್ಖಾನೆಗಳಿಗೂ ಏಟು ಬೀಳಲಿಲ್ಲ. ಅಮೆರಿಕದ ವಿಮಾನವಾಹಕ ಹಡಗುಗಳು ಅಂದು ಬಂದರಿನಲ್ಲಿರಲೇ ಇಲ್ಲ. ಎಣ್ಣೆಗಾಗಿ ಯುದ್ಧಕ್ಕೆ ಹೊರಟವರು ಶತ್ರುವಿನ ಎಣ್ಣೆಯನ್ನು ಮುಟ್ಟದೆ ಹಿಂದಿರುಗಿದರು.

ಈ ಯುದ್ಧ ಎಲ್ಲಿ ಮೊದಲಾಯಿತೆಂಬುದರಲ್ಲಿ ಒಂದು ಸ್ವಾರಸ್ಯವಿದೆ. ಪಂಚಾಂಗ ನೋಡುವವರಿಗೆ ಅದು ಹಿಡಿಸೀತು. ಪರ್ಲ್ ಬಂದರಿನ ಮೇಲೆ ಬಾಂಬು ಬಿದ್ದಾಗ ಇಂದಿನ ನಮ್ಮ ಗಡಿಯಾರದ ಲೆಕ್ಕಕ್ಕೆ ಭಾನುವಾರ ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮೊದಲು. ಮಲಯದ ಪೂರ್ವತೀರದಲ್ಲಿ ಆಗಲೇ ಸೋಮವಾರ, ೮ನೆಯ ತಾರೀಖು. ಅಲ್ಲಿಯ ಕೋಟ ಭಾರು ಎಂಬಲ್ಲಿ ಜಪಾನೀಯರು ದೋಣಿಗಳಿಂದ ಇಳಿಯತೊಡಗಿ ಆಗಲೇ ಸುಮಾರು ಒಂದು ಗಂಟೆ ಕಳೆದಿತ್ತು. ತಾರೀಖಿನ ಲೆಕ್ಕದಲ್ಲಿ ಮರುದಿನ ನಡೆದದ್ದು ಗಳಿಗೆಯ ಲೆಕ್ಕದಲ್ಲಿ ಮೊದಲು ನಡೆಯಿತು. ಆ ಮರಳ ದಂಡೆಯಲ್ಲಿ ಅವರನ್ನು ಎದುರಿಸಿ ನಿಂತವರು ಡೋಗ್ರಾ ಪಡೆಯ ಭಾರತೀಯ ಸಿಪಾಯಿಗಳು. ಪೆಸಿಫಿಕ್ ಯುದ್ಧದ ಮೊದಲ ನೆಲಗಾಳಗದಲ್ಲಿ ರಕ್ತ ಸುರಿಸಿದವರು ನಮ್ಮವರೆಂಬುದು ಬಹಳ ಮಂದಿಗೆ ತಿಳಿಯದು.

ಸೋಮವಾರ ಅಮೆರಿಕದ ಶಾಸನಸಭೆ ಜಪಾನಿನ ಮೇಲೆ ಯುದ್ಧ ಸಾರಿತು. ಕೆಳಮನೆಯಲ್ಲಿ ಪರವಾಗಿ ೩೮೮, ವಿರೋಧವಾಗಿ ಒಂದು. ಆ ಒಂದು ಮತ ಮೊಂಟಾನದಿಂದ ಆರಿಸಿ ಬಂದಿದ್ದ ಜೆನೆಟ್ ರ್‍ಯಾಂಕಿನ್ ಎಂಬ ಹೆಂಗಸಿನದು. ೧೯೧೭ರಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಇಳಿಯುವಾಗಲೂ ಬೇಡವೆಂದವರಲ್ಲಿ ಆಕೆ ಒಬ್ಬಳು. ಆ ಸೋಮವಾರದ ಕೋಪದ ನಡುವೆ ಒಬ್ಬಳೇ ಎದ್ದು ‘ಇಲ್ಲ’ ಎನ್ನಲು ಎಂಥ ಎದೆ ಬೇಕು! ಆಕೆಯ ಮತ ಸರಿಯೆಂದು ನಾನು ವಾದಿಸುವುದಿಲ್ಲ. ಯುದ್ಧ ಮುಗಿದ ಮೇಲೆ ಆಕೆ ಗಾಂಧಿಯವರ ದಾರಿಯನ್ನು ಅರಿಯಲು ಹಲವು ಬಾರಿ ಭಾರತಕ್ಕೆ ಬಂದುಹೋದಳು. ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಜಪಾನಿನೊಡನೆ ಹೊಡೆದಾಡುತ್ತಿದ್ದ ಚೀನವು ಅದರ ಮೇಲೆ ವಿಧಿಪೂರ್ವಕವಾಗಿ ಯುದ್ಧ ಘೋಷಿಸಿದ್ದು ಡಿಸೆಂಬರ್ ೯ರಂದು! ಅದುವರೆಗೆ ಎರಡು ದೇಶಗಳೂ ಅದನ್ನು ಯುದ್ಧವೆಂದು ಕರೆದಿರಲಿಲ್ಲ.

ಇನ್ನು ಡಿಸೆಂಬರ್ ೧೧. ಅಂದು ಜರ್ಮನಿಯೂ ಇಟಲಿಯೂ ಅಮೆರಿಕದ ಮೇಲೆ ಯುದ್ಧ ಸಾರಿದವು. ಹೀಗೆ ಮಾಡಲೇಬೇಕೆಂಬ ಕಟ್ಟು ಹಿಟ್ಲರನಿಗೆ ಇರಲಿಲ್ಲ. ೧೯೪೦ರಲ್ಲಿ ಮೂರು ದೇಶಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಜಪಾನಿನ ಮೇಲೆ ಯಾರಾದರೂ ಬಿದ್ದರೆ ಜರ್ಮನಿ ನೆರವಿಗೆ ಬರಬೇಕು. ಇಲ್ಲಿ ಬಿದ್ದವರು ಜಪಾನೀಯರೇ. ಸುಮ್ಮನೆ ಕುಳಿತಿದ್ದರೆ ರೂಸ್‌ವೆಲ್ಟರಿಗೆ ತಮ್ಮ ಜನರನ್ನು ಯೂರೋಪಿನ ಯುದ್ಧಕ್ಕೆ ಒಯ್ಯುವುದು ಸುಲಭವಾಗುತ್ತಿರಲಿಲ್ಲ. ಮಾಸ್ಕೋದ ಮುಂದೆ ಸೇನೆ ಹೆಪ್ಪುಗಟ್ಟಿ ನಿಂತಿರುವಾಗ, ಲೋಕದ ಅತಿ ದೊಡ್ಡ ಕಾರ್ಖಾನೆಗಳುಳ್ಳ ದೇಶದ ಮೇಲೆ ಈತ ಕಾಲು ಕೆರೆದು ಜಗಳಕ್ಕೆ ಹೋದ. ಎರಡು ಬೆಂಕಿಗಳ ನಡುವೆ ಬಯಲಿತ್ತೆಂದು ಮೊದಲು ಹೇಳಿದೆನಷ್ಟೆ. ಆ ಬಯಲಿನ ಕೊನೆಯ ಹುಲ್ಲಿಗೂ ಬೆಂಕಿಯಿಟ್ಟವನು ಹಿಟ್ಲರನೇ. ತಿಂಗಳ ಮುಖ್ಯ ದಿನ ಯಾವುದೆಂದು ಕೇಳಿದರೆ ೭ ಎಂದು ಎಲ್ಲರೂ ಹೇಳುತ್ತಾರೆ. ನಾನು ೫ ಮತ್ತು ೧೧ ಎನ್ನುತ್ತೇನೆ. ಈ ಎರಡರ ನಡುವಿನ ಆರು ದಿನಗಳಲ್ಲಿ ಜರ್ಮನಿಯ ಸೋಲು ಬರೆದಾಯಿತು. ಅದನ್ನು ಓದಿ ಮುಗಿಸಲು ಇನ್ನೂ ಮೂರೂವರೆ ವರ್ಷ ಹಿಡಿಯಿತು.

ಪತ್ರಿಕೆಗಳಲ್ಲಿ ಅಂದು ಬಾರದ ಸುದ್ದಿಗಳೂ ಇದ್ದವು. ಪರ್ಲ್ ಬಂದರಿನ ಮರುದಿನ, ಡಿಸೆಂಬರ್ ೮ರಂದು, ಜರ್ಮನರ ವಶದಲ್ಲಿದ್ದ ಪೋಲೆಂಡಿನ ಹೆಲ್ಮ್‌ನೊ ಎಂಬ ಹಳ್ಳಿಯಲ್ಲಿ ಯೆಹೂದಿಗಳನ್ನು ಮುಚ್ಚಿದ ಲಾರಿಗಳಲ್ಲಿ ತುಂಬಿ ವಿಷದ ಹೊಗೆಯಿಂದ ಕೊಲ್ಲುವ ಕೆಲಸ ಪ್ರಾರಂಭವಾಯಿತು. ಕೊಲ್ಲುವುದಕ್ಕೆಂದೇ ಏರ್ಪಡಿಸಿದ ಇಂಥ ಠಾಣ್ಯಗಳಲ್ಲಿ ಅದೇ ಮೊದಲನೆಯದು. ಅದೊಂದರಲ್ಲಿಯೇ ಒಂದೂವರೆ ಲಕ್ಷಕ್ಕೂ ಮಿಕ್ಕ ಜನ ಸತ್ತರು. ಉತ್ತರದಲ್ಲಿ ಲೆನಿನ್‌ಗ್ರಾಡ್ ನಗರ ಸೆಪ್ಟೆಂಬರಿನಿಂದ ಮುತ್ತಿಗೆಯೊಳಗಿತ್ತು. ಅಲ್ಲಿ ಕಾರ್ಖಾನೆಯ ಕೆಲಸವಿಲ್ಲದವರಿಗೆ, ಮಕ್ಕಳಿಗೆ, ಮುದುಕರಿಗೆ ದಿನಕ್ಕೆ ಸಿಕ್ಕುತ್ತಿದ್ದದ್ದು ೧೨೫ ಗ್ರಾಂ ರೊಟ್ಟಿ. ನಮ್ಮ ಕಡೆಯ ಒಂದು ರಾಗಿಮುದ್ದೆಯ ತೂಕವೂ ಅದಕ್ಕಿಲ್ಲ. ಆ ರೊಟ್ಟಿಯಲ್ಲಿಯೂ ನಾವು ದನಗಳಿಗೆ ಹಾಕುವ ಹತ್ತಿಬೀಜದ ಹಿಂಡಿ ಬೆರೆತಿತ್ತು. ಡಿಸೆಂಬರ್ ೯ರಂದು ತಿಖ್ವಿನ್ ಎಂಬ ರೈಲು ಊರನ್ನು ರಷ್ಯನ್ನರು ಹಿಂದಕ್ಕೆ ಪಡೆದದ್ದರಿಂದಲೂ, ಹೆಪ್ಪುಗಟ್ಟಿದ ಲಡೋಗ ಸರೋವರದ ಮೇಲೆ ಲಾರಿಗಳು ಓಡಾಡತೊಡಗಿದ್ದರಿಂದಲೂ, ೨೫ರಂದು ಆ ರೊಟ್ಟಿಯನ್ನು ೨೦೦ ಗ್ರಾಮಿಗೆ ಏರಿಸಿದರು. ಎಪ್ಪತ್ತೈದು ಗ್ರಾಂ ಹೆಚ್ಚಿತೆಂದು ಒಂದು ಮಹಾನಗರ ಹಬ್ಬಪಟ್ಟಿತು. ಆ ತಿಂಗಳೊಂದರಲ್ಲಿಯೇ ಅಲ್ಲಿ ಐವತ್ತು ಸಾವಿರದಷ್ಟು ಜನ ಸತ್ತಿದ್ದರು.

ಈಗ ನಮ್ಮ ದಿಕ್ಕಿಗೆ ಬರೋಣ. ಡಿಸೆಂಬರ್ ೧೦ರಂದು ಮಲಯದ ಕ್ವಾಂಟನ್ ತೀರದಾಚೆ ಬ್ರಿಟಿಷರ ಎರಡು ದೊಡ್ಡ ಯುದ್ಧನೌಕೆಗಳನ್ನು, ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ಗಳನ್ನು, ಜಪಾನೀ ವಿಮಾನಗಳು ಮುಳುಗಿಸಿದವು. ೮೪೦ ಮಂದಿ ಸತ್ತರು. ಅವರ ನೌಕಾಧಿಪತಿ ಟಾಮ್ ಫಿಲಿಪ್ಸ್ ಹಡಗಿನೊಡನೆಯೇ ಮುಳುಗಿದ. ರಕ್ಷಣೆಗೆ ಮೇಲೆ ಒಂದು ವಿಮಾನವೂ ಇರಲಿಲ್ಲ. ಇದೇ ‘ಪ್ರಿನ್ಸ್ ಆಫ್ ವೇಲ್ಸ್’ ನಾಲ್ಕು ತಿಂಗಳ ಹಿಂದೆ, ಆಗಸ್ಟಿನಲ್ಲಿ, ಚರ್ಚಿಲ್ಲರನ್ನು ಅಟ್ಲಾಂಟಿಕ್ ದಾಟಿಸಿ ರೂಸ್‌ವೆಲ್ಟರ ಬಳಿಗೆ ಒಯ್ದಿತ್ತು. ಎಲ್ಲ ಜನಾಂಗಗಳಿಗೂ ತಮಗೆ ಬೇಕಾದ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕುಂಟೆಂದು ಸಾರಿದ ಅಟ್ಲಾಂಟಿಕ್ ಸನ್ನದು ಹುಟ್ಟಿದ್ದು ಆ ಭೇಟಿಯಲ್ಲಿ. ಸೆಪ್ಟೆಂಬರಿನಲ್ಲಿ ಚರ್ಚಿಲ್ಲರು ಪಾರ್ಲಿಮೆಂಟಿನಲ್ಲಿ ಎದ್ದು, ಆ ಮಾತು ಭಾರತಕ್ಕೂ ಬರ್ಮಕ್ಕೂ ಹೇಳಿದ್ದಲ್ಲವೆಂದು ಸ್ಪಷ್ಟಪಡಿಸಿದರು. ಸನ್ನದು ಹೊತ್ತ ಹಡಗು ಭಾರತದ ಹೆಬ್ಬಾಗಿಲಲ್ಲಿಯೇ ಮುಳುಗಿತೆಂದರೆ ವಿಧಿಯನ್ನು ನಂಬುವವರು ಏನು ಹೇಳುವರೋ!

ಮಲಯದಲ್ಲಿ ಆಗ ಸುಮಾರು ಏಳು ಲಕ್ಷ ಭಾರತೀಯರಿದ್ದರು. ಹೆಚ್ಚಿನವರು ರಬ್ಬರು ತೋಟಗಳಲ್ಲಿ ದುಡಿಯುವ ತಮಿಳರು. ಪೆನಾಂಗ್ ದ್ವೀಪದ ನಗರದ ಮೇಲೆ ೧೧ರಂದು ಬಾಂಬುಗಳು ಬಿದ್ದವು. ವಿಮಾನಗಳ ಬರವನ್ನು ನೋಡಲು ಬೀದಿಗೆ ಬಂದು ನಿಂತಿದ್ದ ಜನರೇ ಅವಕ್ಕೆ ಗುರಿಯಾದರು. ಕೆಲವೇ ದಿನಗಳಲ್ಲಿ ಬ್ರಿಟಿಷರು ಆ ದ್ವೀಪವನ್ನು ಬಿಟ್ಟರು. ಬಿಟ್ಟ ಬಗೆಯನ್ನು ಕೇಳಿ. ರಾತ್ರಿಯ ಹೊತ್ತು ಗುಟ್ಟಾಗಿ, ಬಿಳಿಯರನ್ನು ಮಾತ್ರ ಹಡಗಿಗೆ ಹತ್ತಿಸಿದರು. ಚೀನೀಯರು, ಮಲಯರು, ಭಾರತೀಯರು ಬೆಳಗ್ಗೆ ಎದ್ದು ನೋಡಿದಾಗ ದೊರೆಗಳಿಲ್ಲ, ಪೊಲೀಸರಿಲ್ಲ, ನೀರು ದೀಪಗಳ ಗತಿ ನೋಡುವವರಿಲ್ಲ. ಅಲ್ಲಿಯ ‘ಸ್ಟ್ರೇಟ್ಸ್ ಎಕೊ’ ಪತ್ರಿಕೆಯ ಸಂಪಾದಕ, ಸಿಂಹಳದ ತಮಿಳರಾದ ಸರವಣಮುತ್ತು ಎಂಬವರು, ಕೋಟೆಯ ಮೇಲೆ ಇನ್ನೂ ಹಾರುತ್ತಿದ್ದ ಬ್ರಿಟಿಷ್ ಬಾವುಟವನ್ನು ತಾವೇ ಇಳಿಸಿದರು. ಎಲ್ಲ ಜನಾಂಗದವರನ್ನೂ ಸೇರಿಸಿ ಒಂದು ಸೇವಾಸಮಿತಿ ಮಾಡಿ ಊರನ್ನು ನಡೆಸಿದರು. ಇಲ್ಲಿ ಸೈನ್ಯವಿಲ್ಲ, ಇನ್ನು ಬಾಂಬು ಬೇಡವೆಂದು ಬಾನುಲಿಯ ಮೂಲಕ ಜಪಾನೀಯರಿಗೆ ತಿಳಿಸಿದರು. ಹೋಗುವವರು ಆ ಬಾನುಲಿ ನಿಲಯವನ್ನೂ ಕೆಡಿಸದೆ ಹೋಗಿದ್ದರು. ೧೯ರಂದು ಜಪಾನೀಯರು ಬಂದು ಅದರಿಂದಲೇ ತಮ್ಮ ಪ್ರಸಾರವನ್ನು ಮಾಡತೊಡಗಿದರು.

ನೂರೈವತ್ತು ವರ್ಷಗಳಿಂದ ಒಂದು ಮಾತನ್ನು ನಮಗೆ ಹೇಳಿಕೊಂಡು ಬಂದಿದ್ದರು: ನಿಮ್ಮ ಸ್ವಾತಂತ್ರ್ಯವನ್ನು ನಮಗೆ ಕೊಡಿ, ನಿಮ್ಮ ರಕ್ಷಣೆಯನ್ನು ನಾವು ವಹಿಸಿಕೊಳ್ಳುತ್ತೇವೆ. ಪೆನಾಂಗಿನಲ್ಲಿ ಆ ಕರಾರಿನ ಎರಡನೆಯ ಭಾಗ ಹರಿದುಹೋಯಿತು. ಭಾಷಣಗಳಿಂದ, ಗ್ರಂಥಗಳಿಂದ ಆಗದಿದ್ದದ್ದು ಒಂದು ರಾತ್ರಿಯ ಹಡಗಿನಿಂದ ಆಯಿತು.

ಅದೇ ದಿನಗಳಲ್ಲಿ ಉತ್ತರ ಮಲಯದ ಜಿತ್ರ ಎಂಬಲ್ಲಿ ಭಾರತೀಯ ದಳಗಳು ಮುರಿದುಬಿದ್ದವು. ಕಾಡಿನಲ್ಲಿ ದಾರಿ ತಪ್ಪಿ ಅಲೆದು ಶತ್ರುವಿನ ಕೈಸೇರಿದವರಲ್ಲಿ ಪಂಜಾಬ್ ರೆಜಿಮೆಂಟಿನ ಕ್ಯಾಪ್ಟನ್ ಮೋಹನ ಸಿಂಗ್ ಒಬ್ಬರು. ಜ್ಞಾನಿ ಪ್ರೀತಮ್ ಸಿಂಗರೂ ಜಪಾನೀ ಮೇಜರ್ ಫುಜಿವಾರನೂ ಅವರೊಡನೆ ದಿನಗಟ್ಟಲೆ ಮಾತನಾಡಿದರು. ತಿಂಗಳ ಕೊನೆಗೆ, ಸೆರೆಸಿಕ್ಕ ಭಾರತೀಯರಿಂದ ಒಂದು ಸೇನೆ ಕಟ್ಟುವ ನಿಶ್ಚಯವಾಯಿತು. ಮುಂದೆ ೧೯೪೩ರಲ್ಲಿ ಸುಭಾಷಚಂದ್ರ ಬೋಸರು ಬಂದು ಮುಂದಾಳಾದ ಆಜಾದ್ ಹಿಂದ್ ಸೇನೆಯ ಬೀಜ ಇದು. ಈ ಡಿಸೆಂಬರಿನಲ್ಲಿ ಬೋಸರು ಇನ್ನೂ ಬರ್ಲಿನ್ನಿನಲ್ಲಿದ್ದರು. ಇದಕ್ಕೆ ಎದುರಾದ ಚಿತ್ರವನ್ನೂ ನೋಡಿ: ಅದೇ ೧೯ರಂದು, ಸಾವಿರಾರು ಮೈಲಿ ಪಶ್ಚಿಮಕ್ಕೆ ಲಿಬಿಯದಲ್ಲಿ, ಭಾರತದ ನಾಲ್ಕನೆಯ ಡಿವಿಜನ್ ಜರ್ಮನ್ ಇಟಾಲಿಯನ್ನರನ್ನು ಅಟ್ಟಿಕೊಂಡು ಹೋಗಿ ದೆರ್ನ ನಗರವನ್ನು ಹಿಡಿಯಿತು. ಒಂದೇ ದೇಶದ ಮಕ್ಕಳು ಒಂದು ಕಡೆ ಬ್ರಿಟಿಷರಿಗಾಗಿ ಗೆಲ್ಲುತ್ತಿದ್ದರು, ಇನ್ನೊಂದು ಕಡೆ ಅವರ ವಿರುದ್ಧ ಏಳಲು ಅಣಿಯಾಗುತ್ತಿದ್ದರು. ಯಾರನ್ನು ಯಾರು ಹಳಿಯಬೇಕು? ಇಬ್ಬರಿಗೂ ಈ ಯುದ್ಧ ಬೇಕೇ ಎಂದು ಕೇಳಿದವರಿರಲಿಲ್ಲ.

ಹಾಂಗ್‌ಕಾಂಗ್ ೨೫ರಂದು, ಕ್ರಿಸ್‌ಮಸ್ ದಿನ, ಶರಣಾಯಿತು. ಅಲ್ಲಿಯೂ ರಜಪೂತ, ಪಂಜಾಬಿ ಪಡೆಗಳಿದ್ದವು. ಗುವಾಮ್, ವೇಕ್ ದ್ವೀಪಗಳು ಬಿದ್ದುವು. ಥೈಲೆಂಡು ಕೆಲವೇ ಗಂಟೆ ಕಾದು ಜಪಾನಿನೊಡನೆ ರಾಜಿಯಾಯಿತು. ಹೀಗೆ ದಿನಕ್ಕೊಂದು.

ನಮ್ಮ ನೆಲದಲ್ಲಿ? ವೈಯಕ್ತಿಕ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋಗಿದ್ದ ಜವಾಹರಲಾಲ ನೆಹರೂ, ಮೌಲಾನಾ ಆಜಾದ್ ಮೊದಲಾದವರನ್ನು ಸರ್ಕಾರ ಡಿಸೆಂಬರ್ ೪ರಂದು ಬಿಡುಗಡೆ ಮಾಡಿತು. ತಿಂಗಳ ಕೊನೆಯ ವಾರ ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಸೇರಿತು. ಸ್ವತಂತ್ರವಾದ ಭಾರತ ಮಾತ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ಮನಃಪೂರ್ವಕವಾಗಿ ನಿಂತೀತೆಂಬುದು ಅಲ್ಲಿಯ ಹೆಚ್ಚಿನವರ ಮಾತು. ಯಾವ ಷರತ್ತಿನ ಮೇಲಾದರೂ ಶಸ್ತ್ರ ಹಿಡಿಯುವುದು ತಮಗೆ ಒಪ್ಪಿಗೆಯಲ್ಲವೆಂದು ಗಾಂಧಿಯವರು ಮುಂದಾಳುತನದಿಂದ ಬಿಡುಗಡೆ ಬೇಡಿದರು. ಮೈಸೂರು ಸಂಸ್ಥಾನದ ಕಾಲ್ದಳವೊಂದು ಸಿಂಗಪುರದಲ್ಲಿತ್ತು. ೧೯೪೨ರ ಫೆಬ್ರವರಿ ೧೫ರಂದು ಆ ಕೋಟೆ ಬಿದ್ದಾಗ ಅವರೂ ಸೆರೆಯಾದರು. ಆಫ್ರಿಕದಲ್ಲಿ ಹಿಡಿದ ಇಟಾಲಿಯನ್ ಸೆರೆಯಾಳುಗಳನ್ನು ನಮ್ಮ ಬೆಂಗಳೂರಿನಲ್ಲಿ ತಂದಿರಿಸಿದ್ದ ಕಾಲವದು! ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ, ಶತ್ರು ಹತ್ತಿರ ಬಂದನೆಂಬ ಭಯದಿಂದಲೇ ೧೯೪೨ರಲ್ಲಿ ಭಾರತ ಸರ್ಕಾರದ ಕೈಗೆ ಹೋಯಿತು.

ವಾಷಿಂಗ್ಟನ್ನಿನಲ್ಲಿ ೨೨ರಂದು ಚರ್ಚಿಲ್ಲರು ಬಂದಿಳಿದರು. ಜಪಾನು ಎಷ್ಟೇ ಅಬ್ಬರಿಸಲಿ, ಮೊದಲು ಸೋಲಿಸಬೇಕಾದದ್ದು ಜರ್ಮನಿಯನ್ನೆಂದು ಇಬ್ಬರು ನಾಯಕರೂ ಗಟ್ಟಿ ಮಾಡಿಕೊಂಡರು. ಸದ್ದಿಗೂ ಭಾರಕ್ಕೂ ಇರುವ ಭೇದ ಅವರಿಗೆ ತಿಳಿದಿತ್ತೆಂಬುದು ಇದರಿಂದ ಕಾಣುತ್ತದೆ. ಜನವರಿ ಒಂದರಂದು ಇಪ್ಪತ್ತಾರು ದೇಶಗಳು ಸಂಯುಕ್ತ ರಾಷ್ಟ್ರಗಳೆಂಬ ಹೆಸರಿನಲ್ಲಿ ಘೋಷಣೆ ಹೊರಡಿಸಿದವು. ಅಟ್ಲಾಂಟಿಕ್ ಸನ್ನದನ್ನು ಒಪ್ಪಿದೆವೆಂಬ ಆ ಘೋಷಣೆಗೆ ಭಾರತದ ಹೆಸರಿನಲ್ಲಿ ರುಜು ಮಾಡಿದವರು ಸರ್ಕಾರ ನೇಮಿಸಿದ್ದ ಗಿರಿಜಾಶಂಕರ ಬಾಜಪೇಯಿ. ಯಾವ ಸನ್ನದು ನಮಗೆ ಅನ್ವಯಿಸದೆಂದು ಹೇಳಿದ್ದರೋ ಅದಕ್ಕೇ ನಮ್ಮ ರುಜು!

ರಂಗೂನನ್ನು ಕೊನೆಗೆ ಉಳಿಸಿಕೊಂಡೆ. ಆ ನಗರದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರು: ತೆಲುಗು ಹಮಾಲಿಗಳು, ಒರಿಯಾ ಕೂಲಿಗಳು, ಬಂಗಾಳಿ ಗುಮಾಸ್ತರು, ಚೆಟ್ಟಿಯಾರ್ ಸಾಹುಕಾರರು. ಬರ್ಮದ ಗದ್ದೆಯ ಭತ್ತ ಅಕ್ಕಿಯಾಗಿ ಹಡಗು ಹತ್ತುತ್ತಿದ್ದದ್ದು ಇವರ ಹೆಗಲ ಮೇಲೆ. ಡಿಸೆಂಬರ್ ೨೩ರಂದು, ಮತ್ತೆ ೨೫ರಂದು, ಜಪಾನೀ ವಿಮಾನಗಳು ಹಾಡುಹಗಲಲ್ಲಿ ಬಂದವು. ಆಶ್ರಯಗಳು ಸಾಲದಾಗಿ, ಇಲ್ಲಿಯೂ ಜನ ಬೀದಿಯಲ್ಲಿ ನಿಂತಿದ್ದರು. ಸಾವಿರಕ್ಕೂ ಮಿಕ್ಕಿ ಸತ್ತರು. ಬಂದರಿನಲ್ಲಿ ಹಮಾಲಿಗಳೇ ಇಲ್ಲದಂತಾಯಿತು. ಗಂಟು ಹೊತ್ತು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಸಾವಿರಾರು ಜನ ವಾಯವ್ಯದ ಪ್ರೋಮ್ ರಸ್ತೆ ಹಿಡಿದು ಭಾರತದ ಕಡೆಗೆ ನಡೆಯತೊಡಗಿದರು. ಬಂದರಿನ ಕೆಲಸ ನಿಂತೀತೆಂದು ಸರ್ಕಾರ ಅವರನ್ನು ಹಿಂದಕ್ಕೆ ಕರೆಯಲು ನೋಡಿತು. ಬಂದರು ನಡೆಯಬೇಕಾಗಿತ್ತು, ನಡೆಸುವವರು ಎಲ್ಲಿ ಅಡಗಿಕೊಳ್ಳಬೇಕೆಂಬುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಿರಲಿಲ್ಲ.

೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮದ ಅಕ್ಕಿ ನಿಂತಿತು. ತಿರುವಾಂಕೂರು ಕೊಚ್ಚಿಗಳಲ್ಲಿ ಅನ್ನಕ್ಕೆ ಹಾಹಾಕಾರವಾಯಿತು. ನಮ್ಮ ಸಂಸ್ಥಾನಕ್ಕೂ ಪಡಿತರ ಬಂತು. ೧೯೪೩ರಲ್ಲಿ ಬಂಗಾಳದಲ್ಲಿ ಇಪ್ಪತ್ತು ಮೂವತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತ ಆ ಕ್ಷಾಮಕ್ಕೆ ಬೇರೆ ಹಲವು ಕಾರಣಗಳಿದ್ದರೂ ಇದೂ ಒಂದು. ಅರಾಕಾನಿನ ಕಣಿವೆಯಲ್ಲಿ, ಮಣಿಪುರದ ಬೆಟ್ಟಗಳಲ್ಲಿ, ಅಸ್ಸಾಮಿನ ಗಡಿಯ ಹುಕಾಂಗ್ ಕಾಡಿನ ಕೆಸರಿನಲ್ಲಿ ನಮ್ಮ ಜನ ನಡೆದರು. ಆ ದಾರಿಗಳಲ್ಲಿಯೂ ಕೆಲವೆಡೆ ಬಿಳಿಯರಿಗೆ ಒಂದು ಹಾದಿ, ಕರಿಯರಿಗೆ ಇನ್ನೊಂದು ಹಾದಿ ಎಂಬ ದೂರು ಎದ್ದಿತು. ನಾಲ್ಕೈದು ಲಕ್ಷ ಜನ ಭಾರತವನ್ನು ಮುಟ್ಟಿದರು. ದಾರಿಯಲ್ಲಿ ಕಾಲರಾದಿಂದ, ಮಲೇರಿಯದಿಂದ, ಹಸಿವಿನಿಂದ ಬಿದ್ದವರು ಹತ್ತಾರು ಸಾವಿರ. ಡಿಸೆಂಬರ್ ೩೧ರ ರಾತ್ರಿ ಅವರಲ್ಲಿ ಮೊದಲ ತಂಡದವರು ಪ್ರೋಮ್ ರಸ್ತೆಯ ಬದಿಯಲ್ಲಿ ಒಲೆ ಹೂಡಿ, ರಂಗೂನಿನಿಂದ ಕಟ್ಟಿಕೊಂಡು ತಂದ ಅಕ್ಕಿಯನ್ನು ಬೇಯಿಸುತ್ತಿದ್ದರು.